ಸೌತೆಕಾಯಿ ಕುದುರೆ, ಬದನೆಕಾಯಿ ಆಕಳು

ಸತ್ತವರು ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆ ಎಂಬುದನ್ನು ನಾನು ನಂಬುವುದಿಲ್ಲ. ಆಗಲೂ ನಂಬಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಓದುತ್ತಾ ಹೋದಂತೆ ‘ಕೊನೆಗೆ ಇವನೂ ಕೈಮುಗಿಯುತ್ತಾನೆ ನೋಡು’ ಎಂದು ನಿಮಗೆ ಅನ್ನಿಸಬಹುದು. ಮುಗಿಯಲಿಲ್ಲ. ಆದರೆ ಆ ನಾಲ್ಕು ದಿನ, ನಂಬುವ ಎಲ್ಲರಿಗಿಂತ ಹೆಚ್ಚು ಮುತುವರ್ಜಿಯಿಂದ ಆ ಹಬ್ಬ ಮಾಡಿಸಿದವನು ನಾನು. ಅದೂ ನನ್ನ ಅವ್ವನಿಗೆ ಸುಳ್ಳು ಹೇಳಿ.

ಭೀಮರಾಯನಗುಡಿಯ ನೀರಾವರಿ ಕ್ಯಾಂಪಿಗೆ ಆ ವರ್ಷ ಜಪಾನಿನಿಂದ ಒಬ್ಬ ಹಿರಿಯರು ಬಂದಿದ್ದರು. ಕಾಲುವೆ ನೀರು ನಿಂತು ನಿಂತು ಸವಳಾದ ಹೊಲಗಳ ಮಣ್ಣನ್ನು ಪರೀಕ್ಷೆ ಮಾಡುವ ಕೆಲಸ. ಅವರ ಇಂಗ್ಲಿಷು ತುಂಡು ತುಂಡು, ಕನ್ನಡ ಒಂದಕ್ಷರ ಬಾರದು. ರೈತರಿಗೂ ಅವರಿಗೂ ನಡುವೆ ದುಭಾಷಿಯಾಗಿ ನನ್ನನ್ನು ಇಟ್ಟುಕೊಂಡಿದ್ದರು. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ತಂಡದಲ್ಲಿದ್ದವನು. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಐದು ನಿಮಿಷ ಕೊಟ್ಟರೆ ಯಾವುದನ್ನಾದರೂ ನಿಜ ಮಾಡಿ ತೋರಿಸುತ್ತಿದ್ದೆ. ಆ ನಾಲಿಗೆ ನೋಡಿಯೇ ಕೆಲಸ ಕೊಟ್ಟಿದ್ದರು.

ಶಹಾಪುರದ ಗುಡ್ಡ ಮಲಗಿದ ಬುದ್ಧನ ಹಾಗೆ ಕಾಣುವ ತಿರುವು ಬಂದಾಗಲೆಲ್ಲ ಅವರು ಬಸ್ಸಿನಲ್ಲಿ ಕೂತಲ್ಲೇ ತಲೆ ಬಾಗಿಸುತ್ತಿದ್ದರು.

“ಅವು ಬರೀ ಬಂಡೆ, ಸರ್,” ಎಂದೆ ಒಂದು ದಿನ. “ಆಚೆ ಕಡೆಯಿಂದ ನೋಡಿದರೆ ಬುದ್ಧನೂ ಇಲ್ಲ, ಯಾರೂ ಇಲ್ಲ.”

“ಗೊತ್ತು,” ಎಂದರು. “ಅದಕ್ಕೇ ಈ ಕಡೆಯಿಂದ ನೋಡುತ್ತೇನೆ.”

ಅದಕ್ಕೆ ನನ್ನ ಬಳಿ ಉತ್ತರವಿತ್ತು. ಆದರೆ ಬಸ್ಸು ಬ್ರೇಕ್ ಹಾಕಿತು, ನಮ್ಮ ಸ್ಟಾಪು ಬಂತು.

ನಮ್ಮ ಮನೆ ಯಾದಗಿರಿಯಲ್ಲಿ, ಭೀಮಾ ನದಿಯ ದಂಡೆಗೆ ಹತ್ತಿರ. ಮೀನು ಹಿಡಿಯುವ ಮನೆತನ. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಆಮೇಲೆ ಮನೆ ನಡೆದದ್ದು ಅಣ್ಣನಿಂದ. ಎಂಟು ವರ್ಷದ ಹಿಂದೆ, ಶ್ರಾವಣದ ಸುಮಾರಿಗೆ, ನದಿಗೆ ಹೊಸ ಕೆಂಪು ನೀರು ಬಂದಿತ್ತು. ಬೆಳಿಗ್ಗೆ ಅಣ್ಣ ಬಲೆ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಕೇಳಿದ: “ಬರ್ತಿಯೇನೋ? ಹುಟ್ಟ ಹಾಕಾಕ ಒಬ್ಬಾಂವ ಬೇಕು.” ನಮ್ಮ ದುಂಡನೆಯ ತೆಪ್ಪದಲ್ಲಿ ಒಬ್ಬ ಹುಟ್ಟು ಹಾಕಬೇಕು, ಇನ್ನೊಬ್ಬ ಬಲೆ ಬಿಡಬೇಕು. ಒಬ್ಬನೇ ಎರಡಕ್ಕೂ ಕೈ ಹಾಕಿದರೆ ತೆಪ್ಪ ಗಿರಗಿರ ಸುತ್ತತೊಡಗುತ್ತದೆ. ನನಗೆ ಅಂದು ಕಲಬುರಗಿಯಲ್ಲಿ ಚರ್ಚಾಸ್ಪರ್ಧೆ. “ಇವತ್ತ ಆಗಂಗಿಲ್ಲ,” ಎಂದೆ. ಅವನು ಒಬ್ಬನೇ ಹೋದ. ನನಗೆ ಮೊದಲ ಬಹುಮಾನ ಬಂತು.

ಮೂರನೆಯ ದಿನ ಕೆಳಗಿನ ಊರಿನ ಜಾಲಿಗಿಡಗಳಲ್ಲಿ ತೆಪ್ಪ ಸಿಕ್ಕಿತು, ನೆಟ್ಟಗೆ ನಿಂತಂತೆ. ಅಣ್ಣ ಸಿಗಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ವಾದ ನಡೆಯುತ್ತಿತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ಅವ್ವ.

“ಮುಳುಗಿದ್ರ ತೆಪ್ಪ ಬೋರಲ ಬೀಳ್ತಿತ್ತು.”

“ಮನಶ್ಯಾ ಜಾರಿ ಬೀಳಾಕ ತೆಪ್ಪ ಬೋರಲ ಬೀಳಬೇಕಂತ ಏನಿಲ್ಲವ್ವ.”

“ಅವಂಗ ಈಜು ಬರ್ತಿತ್ತು.”

“ಅದು ನೀರಿಗಿ ಗೊತ್ತಿತ್ತೇನು?”

“ಸೊಲ್ಲಾಪುರ ಟೇಶನ್ನಾಗ ಅವನ್ನ ಕಂಡಾರ.”

“ಯಾರು ಕಂಡಾರ? ಮಾತಾಡಿಸ್ಯಾರೇನು? ಹೆಸರು ಕೇಳ್ಯಾರೇನು?”

“ನೀ ವಕೀಲ ಆಗಬೇಕಿತ್ತು ನೋಡು,” ಎನ್ನುತ್ತಿದ್ದಳು ಅವ್ವ ಕೊನೆಗೆ. “ಮಗ ಆಗಬಾರದಿತ್ತು.”

ಇದು ಬರೀ ಮಾತಿನ ಜಗಳವಾಗಿದ್ದರೆ ನಾನು ಬಿಟ್ಟುಬಿಡುತ್ತಿದ್ದೆನೇನೋ. ಆದರೆ ನಡುವೆ ವೈನಿ ಇದ್ದಳು, ಅಣ್ಣನ ಹೆಂಡತಿ. ಮದುವೆಯಾಗಿ ಹತ್ತು ತಿಂಗಳಿಗೆ ಗಂಡ ಕಾಣೆಯಾದ. ಅಂದಿನಿಂದ ಅವಳು ಕೊರಳಲ್ಲಿ ತಾಳಿ, ಕೈತುಂಬ ಹಸಿರು ಬಳೆ ಹಾಕಿಕೊಂಡು, ಹೊಲಿಗೆ ಯಂತ್ರದ ಮುಂದೆ ಕೂತು ಓಣಿಯ ಕುಪ್ಪಸಗಳನ್ನು ಹೊಲಿಯುತ್ತಾ ನಮ್ಮಲ್ಲೇ ಉಳಿದಿದ್ದಳು. ಸುರಪುರದಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುವ ಒಬ್ಬನ ಕಡೆಯಿಂದ ಆ ವರ್ಷ ಅವಳಿಗೆ ಸಂಬಂಧ ಕೇಳಿ ಬಂದಿತ್ತು. ಅವನ ಹೆಂಡತಿ ತೀರಿಕೊಂಡಿದ್ದಳು. ಒಳ್ಳೆಯವನು, ವೈನಿಗೂ ಮನಸ್ಸಿತ್ತು, ಅದು ಅವಳು ಸುರಪುರದ ಬಸ್ಸಿನ ವೇಳೆ ಕೇಳುವ ರೀತಿಯಲ್ಲೇ ತಿಳಿಯುತ್ತಿತ್ತು. ನಮ್ಮವರಲ್ಲಿ ಗಂಡನಿಲ್ಲದವಳಿಗೆ ಉಡಕಿ ಮಾಡುವ ರೂಢಿಯಿದೆ: ಹೊಸ ಸೀರೆ ಉಡಿಸಿ ಇನ್ನೊಬ್ಬನ ಮನೆಗೆ ಕಳಿಸುವುದು. ಆದರೆ ಅತ್ತೆ ಹೂಂ ಅನ್ನಬೇಕು. ಮತ್ತೆ ಕೋರ್ಟೂ ಹೂಂ ಅನ್ನಬೇಕು. ಗಂಡ ಏಳು ವರ್ಷಕ್ಕೂ ಮೇಲಾಗಿ ಕಾಣೆ, ಈ ಮದುವೆಯಿಂದ ಬಿಡಿಸಿರಿ ಎಂದು ವೈನಿಯ ಅರ್ಜಿ ಯಾದಗಿರಿ ಕೋರ್ಟಿನಲ್ಲಿತ್ತು. ಅರ್ಜಿಯ ಕರಡು ನನ್ನದೇ. ಮುಖ್ಯ ಸಾಕ್ಷಿ ಅವ್ವ.

“ನಿಮ್ಮ ತಾಯಿ ಕಟಕಟೆಯಲ್ಲಿ ನಿಂತು ಸೊಲ್ಲಾಪುರದ ಸುದ್ದಿ ಎತ್ತಿದರೆ ಮುಗಿಯಿತು,” ಎಂದಿದ್ದರು ವಕೀಲರು. ವಿಚಾರಣೆ ಸ್ವಾತಂತ್ರ್ಯ ದಿನಾಚರಣೆಯ ಮುಂದಿನ ಸೋಮವಾರ. ಸುರಪುರದವರು ಶ್ರಾವಣ ಮುಗಿಯುವುದರೊಳಗೆ ಒಂದು ಮಾತು ಹೇಳಿರಿ ಎಂದಿದ್ದರು.

ಅಂಥ ಹೊತ್ತಿನಲ್ಲಿ ಶಹಾಪುರದ ಬಜಾರಿನಲ್ಲಿ ನಮ್ಮ ಜಪಾನಿ ಹಿರಿಯರು ನಿಂತುಬಿಟ್ಟು, ಒಂದು ಸೌತೆಕಾಯಿ ಒಂದು ಬದನೆಕಾಯಿ ಬೇಕು ಎಂದರು.

“ಅಡುಗೆಗೆ?”

“ಅಲ್ಲ. ಸವಾರಿಗೆ.”

ರಸ್ತೆ ಬದಿಯ ಚಹಾದಂಗಡಿಯ ಬೆಂಚಿನ ಮೇಲೆ ಕೂತು ವಿವರಿಸಿದರು. ಅವರ ದೇಶದಲ್ಲಿ ಬೇಸಿಗೆಯ ನಡುವೆ, ಆಗಸ್ಟ್ ಹದಿಮೂರರಿಂದ ಹದಿನಾರರವರೆಗೆ, ಸತ್ತವರು ಮನೆಗೆ ಬರುತ್ತಾರೆ. ಮೊದಲ ಸಂಜೆ ಬಾಗಿಲ ಮುಂದೆ ಸಣ್ಣ ಬೆಂಕಿ ಹಾಕುತ್ತಾರೆ, ದಾರಿ ಕಾಣಲೆಂದು. ಸೌತೆಕಾಯಿಗೆ ಕಡ್ಡಿಯ ಕಾಲು ಚುಚ್ಚಿ ಕುದುರೆ ಮಾಡುತ್ತಾರೆ, ಬೇಗ ಬರಲೆಂದು. ಬದನೆಕಾಯಿಗೆ ಕಾಲು ಚುಚ್ಚಿ ಆಕಳು ಮಾಡುತ್ತಾರೆ, ಹೋಗುವಾಗ ನಿಧಾನಕ್ಕೆ ಹೋಗಲೆಂದು. ಊರವರೆಲ್ಲ ವೃತ್ತದಲ್ಲಿ ಕುಣಿಯುತ್ತಾರೆ. ಕೊನೆಯ ದಿನ ಕೆಲವು ಊರುಗಳಲ್ಲಿ ಕಾಗದದ ದೀಪ ಮಾಡಿ ನೀರಿಗೆ ಬಿಟ್ಟು ಕಳಿಸಿಕೊಡುತ್ತಾರೆ. ಅವರ ಹೆಂಡತಿ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಸತ್ತ ಮೇಲೆ ಬರುವ ಮೊದಲ ಹಬ್ಬ ಎಲ್ಲಕ್ಕಿಂತ ದೊಡ್ಡದಂತೆ.

“ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ಮಾಡಿಕೊಳ್ಳಿ,” ಎಂದೆ.

ಅವರು ತಲೆಯಾಡಿಸಿದರು. “ಅದು ಆಫೀಸಿನ ಕೋಣೆ. ಒಲೆ ಉರಿಯದ ಮನೆಗೆ ಅವಳು ಬರುವುದಿಲ್ಲ.”

ನನ್ನ ತಲೆಯಲ್ಲಿ ಅದು ಹೊಳೆದದ್ದು ಆಗಲೇ. ಚರ್ಚೆಯಲ್ಲಿ ನಮಗೆ ಕಲಿಸಿದ್ದ ಒಂದು ಪಟ್ಟು ಇತ್ತು. ಎದುರಾಳಿ ನಿಮ್ಮ ತೀರ್ಮಾನವನ್ನು ಒಪ್ಪುವುದಿಲ್ಲವಾದರೆ ತೀರ್ಮಾನದ ಮಾತೇ ಎತ್ತಬೇಡಿ. ಅವನಿಗೆ ಗೊತ್ತಾಗದಂತೆ ಒಂದೊಂದೇ ಮೆಟ್ಟಿಲು ಹತ್ತಿಸಿ, ಮೇಲೆ ನಿಂತ ಮೇಲೆ ‘ಈಗ ಕೆಳಗೆ ನೋಡು’ ಅನ್ನಿ. ಅವ್ವನ ಕೈಯಿಂದ ಅಣ್ಣನ ಹೆಸರಿನ ದೀಪವನ್ನು ನೀರಿಗೆ ಬಿಡಿಸಿಬಿಟ್ಟರೆ? ಬಿಟ್ಟ ಮೇಲೆ ಹೇಳಬಹುದು: ನೋಡವ್ವ, ಇದು ಸತ್ತವರಿಗೆ ಬಿಡುವ ದೀಪ. ನೀನೇ ಕಳಿಸಿಕೊಟ್ಟಿದ್ದೀ. ಇನ್ನು ಸೋಮವಾರ ಅದನ್ನೇ ಬಾಯಿಂದ ಹೇಳು.

“ನಮ್ಮ ಮನೆಗೆ ಬನ್ನಿ ಸರ್,” ಎಂದೆ. ಅವರು ಎದ್ದು ನಿಂತು, ಬಜಾರಿನ ನಡುವೆಯೇ, ನನಗೆ ಸೊಂಟ ಬಾಗಿಸಿ ವಂದಿಸಿದರು. ನನಗೆ ಮುಜುಗರವಾಯಿತು. ಅದು ಅವರು ಹಾಗೆ ಬಾಗಿದ್ದಕ್ಕೆ ಎಂದುಕೊಂಡೆ.

ಮನೆಯಲ್ಲಿ ಅವ್ವನಿಗೆ ಹೇಳಿದ್ದು ಬೇರೆ. “ಅವರ ದೇಶದಾಗ ಒಂದ ಹಬ್ಬ ಅದ ಅಂತವ್ವ. ಮನಿ ಬಿಟ್ಟು ದೂರ ಇದ್ದವರನ್ನ ಕರಿಯೂ ಹಬ್ಬ. ಎಲ್ಲೇ ಇದ್ರೂ ಮನಿ ನೆನಪಾಗ್ಲಿ ಅಂತ.”

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು.

“ದೂರ ಇದ್ದವರು ಬರ್ತಾರಂತೇನು?”

“ಬರ್ತಾರಂತ ಅವರ ನಂಬಿಗಿ.”

“ಹಂಗಾರ ನಮ್ಮನ್ಯಾಗ ಮಾಡ್ಲಿ,” ಎಂದಳು. “ನಾನೂ ಮಾಡ್ತೀನಿ.”

ಹೊಲಿಗೆ ಯಂತ್ರದ ಸದ್ದು ಒಂದು ಕ್ಷಣ ತಡೆದು ಮತ್ತೆ ಶುರುವಾಯಿತು.

ಹದಿಮೂರರ ಸಂಜೆ ಹಿರಿಯರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದರು. ಹಿತ್ತಲಲ್ಲಿ ಉರುವಲಿಗೆ ಇಟ್ಟಿದ್ದ ತೊಗರಿ ಕಟ್ಟಿಗೆಯನ್ನು ಅವ್ವ ತಂದುಕೊಟ್ಟಳು. ದಪ್ಪನೆಯದರಿಂದ ಬೆಂಕಿ, ಸಣ್ಣ ಕಡ್ಡಿಗಳಿಂದ ಕಾಲು. ಅವರದೊಂದು, ನಮ್ಮದೊಂದು, ಎರಡು ಜೋಡಿ ಮಾಡಿದರು. ಯಾದಗಿರಿಯಲ್ಲಿ ಅವರಿಗೆ ಬೇಕಾದ ಉದ್ದನೆಯ ಬದನೆಕಾಯಿ ಸಿಕ್ಕಿರಲಿಲ್ಲ. ಸಿಕ್ಕಿದ್ದು ನಮ್ಮ ದುಂಡುಕಾಯಿ. ನಾಲ್ಕು ಕಡ್ಡಿಯ ಮೇಲೆ ಅದು ಹೊಟ್ಟೆ ಇಳಿಬಿಟ್ಟುಕೊಂಡು ನಿಂತಿತು.

“ಈ ಆಕಳ ಗಬ್ಬ ಅದ ನೋಡ್ರಿ ಅತ್ತಿ,” ಎಂದಳು ವೈನಿ.

“ಮೊನ್ನೆನ ಮಣ್ಣೆತ್ತಿನ ಅಮಾಸಿ ಮುಗದದ, ಈಗ ಕಾಯಿಪಲ್ಲೆ ಎತ್ತು ಬಂದಾವು,” ಎಂದು ಅವ್ವ ನಕ್ಕಳು. ಅವಳು ನಗುವುದೇ ಅಪರೂಪ. ನನ್ನ ಲೆಕ್ಕದ ಪ್ರಕಾರ ಮೊದಲ ಮೆಟ್ಟಿಲು ಹತ್ತಿಯಾಗಿತ್ತು.

ಅವರು ಮಣೆಯ ಮೇಲೆ ಹೆಂಡತಿಯ ಫೋಟೋ ಇಟ್ಟರು. ಅವ್ವ ಒಳಗಿನಿಂದ ಅಣ್ಣನ ಒಂದು ಅಂಗಿ ತಂದು ಮಡಿಚಿ ಪಕ್ಕದಲ್ಲಿಟ್ಟಳು. ನಮ್ಮಲ್ಲಿ ಮಣೆಯ ಮೇಲೆ ಫೋಟೋ ಇಡುವುದು ಸತ್ತವರದು. ಅಂಗಿಯನ್ನೇ ತಂದದ್ದನ್ನು ನಾನು ಗಮನಿಸಬೇಕಿತ್ತು. ಹಿರಿಯರ ಹೆಂಡತಿಯ ಫೋಟೋ ನೋಡಿಯೂ ಅವಳಿಗೆ ಅನುಮಾನ ಬರಲಿಲ್ಲ. “ಊರಾಗ ಒಬ್ಬಾಕೀನ ಬಿಟ್ಟ ಬಂದಾರಲ್ಲ, ನೆನಪಾಗಿರ್ತದ,” ಎಂದಳು ನನಗೆ. ನಾನು ತಿದ್ದಲಿಲ್ಲ.

ಹಿರಿಯರು ಅಂಗಿಯ ಮುಂದೆ ಮಂಡಿಯೂರಿ ಬಾಗಿ, ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು: “ನಿನ್ನ ಅಣ್ಣ ಸತ್ತು ಎಷ್ಟು ವರ್ಷ?”

“ಎಂಟು.”

“ಏನ್ ಕೇಳಿದ್ರು?” ಎಂದಳು ಅವ್ವ.

“ನಿನ್ನ ಮಗಗ ಎಷ್ಟ ವಯಸ್ಸ ಅಂತ.”

ಬಾಗಿಲ ಹತ್ತಿರ ನಿಂತಿದ್ದ ವೈನಿ ನನ್ನನ್ನೇ ನೋಡುತ್ತಿದ್ದಳು. ಅವಳು ಸುರಪುರದಲ್ಲಿ ಪಿಯುಸಿ ಮುಗಿಸಿದವಳು. ಎಷ್ಟು ವರ್ಷ, ಸತ್ತು, ಇಂಥ ಇಂಗ್ಲಿಷ್ ಪದಗಳಿಗೆ ಪಿಯುಸಿ ಸಾಕು. ಲೆಕ್ಕದಲ್ಲಿ ನಾನು ಅವಳನ್ನು ಹಿಡಿದೇ ಇರಲಿಲ್ಲ.

ಹದಿನೈದು ರಜೆ. ಶಾಲೆಯ ಮಕ್ಕಳ ಮೆರವಣಿಗೆ ಓಣಿಯಲ್ಲಿ ಹಾದುಹೋದ ಮೇಲೆ ಹಿರಿಯರು ಬಂದು ಅಂಗಳದಲ್ಲಿ ತಮ್ಮ ಹಬ್ಬದ ಕುಣಿತ ತೋರಿಸಿದರು: ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ಗಾಳಿಯಲ್ಲಿ ಏನೋ ಎತ್ತಿ ಒಯ್ಯುವಂತೆ ಕೈ. “ಕೋಲಾಟದಾಗ ಕೋಲ ಕಳಕೊಂಡಂಗ ಅದ,” ಎಂದಳು ಅವ್ವ. ನಾನು ಅನುವಾದಿಸಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅವ್ವ ಅವರಿಗೆ ಊಟಕ್ಕೆ ಬಡಿಸುತ್ತಿದ್ದಾಗ ವೈನಿ ನನ್ನನ್ನು ಹಿತ್ತಲಿಗೆ ಕರೆದಳು.

“ತಮ್ಮಾ, ಅತ್ತಿಗಿ ಸುಳ್ಳ ಯಾಕ ಹೇಳಾಕತ್ತೀ?”

“ಯಾವ ಸುಳ್ಳು?”

“ನನ್ನ ಮುಂದ ನಾಟಕ ಬ್ಯಾಡ. ಇದು ಸತ್ತವರ ಹಬ್ಬ. ಅವರ ಹೆಣ್ತಿ ಸತ್ತಾಳ.”

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಎಲ್ಲ ಹೇಳಿದೆ: ದೀಪ, ಸೋಮವಾರ, ಮೆಟ್ಟಿಲು. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೇಳಿದಳು.

“ಇದೆಲ್ಲ ನಿನ್ನ ಸಲುವಾಗಿ ವೈನಿ,” ಎಂದೆ.

“ನನ್ನ ಸಲುವಾಗೇನು?” ಅವಳ ದನಿ ಏರಲಿಲ್ಲ. “ಎಂಟ ವರ್ಷ ಆತು, ನೀ ಒಮ್ಮೆರ ನನ್ನ ಕೇಳೀಯೇನು, ಅವ ಅದಾನೋ ಇಲ್ಲೋ ಅಂತ ನನಗೇನ ಅನಸ್ತದ ಅಂತ? ನಿನಗ ಅತ್ತಿ ಮ್ಯಾಲ ಗೆಲ್ಲಬೇಕು. ಗೆಲ್ಲಾಕ ನನ್ನ ಹೆಸರ ಬೇಕು.”

“ಸೋಮವಾರ ಅವ್ವ ಸೊಲ್ಲಾಪುರ ಅಂದ್ರ ನಿನ್ನ ಸುರಪುರ ಹೋತು. ಅದರ ಫಿಕರ್ ಅದ ಇಲ್ಲ ನಿನಗ?”

ಅವಳು ಕೈಬಳೆಗಳನ್ನು ಒಂದೊಂದಾಗಿ ಹಿಂದೆ ಸರಿಸಿದಳು. “ಅದ,” ಎಂದಳು. “ನನಗ ಹೋಗಬೇಕು. ಖರೇ ಹೇಳ್ತೀನಿ, ಹೋಗಬೇಕು. ಆದ್ರ ಮುದುಕೀನ ಹಿಂಗ ಮೋಸ ಮಾಡಿ ಅಲ್ಲ. ದೀಪ ಬಿಡೂದರೊಳಗ ನೀ ಹೇಳು. ಇಲ್ಲಂದ್ರ ನಾ ಹೇಳ್ತೀನಿ.”

ಹೇಳುತ್ತೇನೆ ಎಂದೆ. ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳೂ ಹೇಳಲಿಕ್ಕಿಲ್ಲ ಎಂದೂ ನಂಬಿದ್ದೆ. ತನ್ನ ಕೈಗೆ ಬರುವುದನ್ನು ತಾನೇ ಚೆಲ್ಲಿಕೊಳ್ಳುವವರು ಇರುತ್ತಾರೆಯೇ?

ಮಧ್ಯಾಹ್ನ ಬಿದಿರ ಸೀಳು, ಬಿಳಿ ಕಾಗದ, ಪೆಟ್ಟಿಗೆಯ ಹಲಗೆಗಳಿಂದ ಹಿರಿಯರು ಎರಡು ದೀಪ ಮಾಡಿದರು. ಒಂದರ ಮೇಲೆ ತಮ್ಮ ಲಿಪಿಯಲ್ಲಿ ಹೆಂಡತಿಯ ಹೆಸರು ಬರೆದರು. ಇನ್ನೊಂದನ್ನು ನಮ್ಮ ಕಡೆ ಸರಿಸಿದರು. ಅವ್ವನಿಗೆ ಅಕ್ಷರ ಬಾರದು. ಅವಳು ಪೆನ್ನನ್ನು ನನಗೆ ಕೊಡದೆ ವೈನಿಗೆ ಕೊಟ್ಟಳು.

“ನೀ ಬರಿಯವ್ವ. ನೀ ಕರದ್ರ ಜಲ್ದಿ ಬರ್ತಾನ.”

ವೈನಿ ಗಂಡನ ಹೆಸರನ್ನು ಬಾಯಿಂದ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಪೆನ್ನು ಹಿಡಿದು ಕಾಗದದ ಹತ್ತಿರ ಒಯ್ದಳು, ನಿಲ್ಲಿಸಿದಳು, ನನ್ನ ಮುಖ ನೋಡಿದಳು. ಈಗಲಾದರೂ ಹೇಳು ಎನ್ನುವ ನೋಟ. ನಾನು ಬಿದಿರಿನ ತುಂಡುಗಳನ್ನು ಒಟ್ಟುಮಾಡಿ ಎಸೆಯಲು ಎದ್ದೆ. ತಿರುಗಿ ಬಂದಾಗ ಹೆಸರು ದುಂಡನೆಯ ಅಕ್ಷರಗಳಲ್ಲಿ ಕಾಗದದ ಮೇಲಿತ್ತು.

ಹದಿನಾರರ ಬೆಳಿಗ್ಗೆ ಮೇಲಿನ ಬ್ಯಾರೇಜಿನಿಂದ ನೀರು ಬಿಟ್ಟಿದ್ದಾರೆ ಎಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರಿದರು. ಮಧ್ಯಾಹ್ನಕ್ಕೆ ಭೀಮೆ ಘಾಟಿನ ಮೇಲಿನ ಮೆಟ್ಟಿಲಿಗೆ ಬಂದಿತ್ತು. ಸಂಜೆ ನಾವು ನಾಲ್ವರು ದೀಪ ಹಿಡಿದು ಹೋದಾಗ ದಾರಿಗೆ ಬ್ಯಾರಿಕೇಡು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ ಒಬ್ಬ ಪೇದೆ. ಅವನ ಹಿಂದೆ ನದಿ ಗೋಧಿ ಬೀಸಿದ ಹಾಗೆ ಸದ್ದು ಮಾಡುತ್ತಾ, ಒಂದು ಇಡೀ ಬೇವಿನ ಮರವನ್ನು ಹೊತ್ತು ಹೋಗುತ್ತಿತ್ತು.

“ನದಿ ಕಡಿ ಬಿಡಂಗಿಲ್ರಿ.”

ನಾನು ವಾದಕ್ಕಿಳಿದೆ. ವಿದೇಶದ ಅತಿಥಿ, ಧಾರ್ಮಿಕ ಆಚರಣೆ, ಐದೇ ನಿಮಿಷ, ಮೇಲಿನ ಮೆಟ್ಟಿಲಿಗಿಂತ ಕೆಳಗಿಳಿಯುವುದಿಲ್ಲ, ಹಗ್ಗ ಬೇಕಾದರೆ ಸೊಂಟಕ್ಕೆ ಕಟ್ಟಿಕೊಳ್ಳುತ್ತೇವೆ. ಪೇದೆ ಪೂರಾ ಕೇಳಿದ.

“ನೀವು ಹೇಳೂದು ಬರಾಬರಿ ಅದರಿ ಸರ್,” ಎಂದ. “ಆದ್ರ ಬಿಡಂಗಿಲ್ಲ.”

ಅವ್ವ ಮುಂದೆ ಬಂದಳು. “ಯಪ್ಪಾ, ನಮ್ಮ ಓಣಿ ಹಿಂದ ಹಳ್ಳದಾಗ ನೀರ ಏರೇದ. ಅಲ್ಲೆ ಬಿಟ್ರ?”

“ಅಲ್ಲಿ ನಿಂತ ನೀರ ಅದ. ದಂಡಿ ಮ್ಯಾಲಿಂದ ಬಿಡ್ರಿ, ಇಳೀಬ್ಯಾಡ್ರಿ,” ಎಂದು ಪೇದೆ ಕಾಲು ಚಾಚಿದ.

ಹಳ್ಳಕ್ಕೆ ನದಿಯ ನೀರು ಹಿಂದಕ್ಕೆ ಒತ್ತಿ ಬಂದು ಸುಮ್ಮನೆ ನಿಂತಿತ್ತು, ತುದಿಯಲ್ಲಿ ಮಾತ್ರ ಮೆಲ್ಲಗೆ ನದಿಯ ಕಡೆ ಸರಿಯುತ್ತಿತ್ತು. ಹೊತ್ತು ಮುಳುಗಿ ಇನ್ನೂ ಬೆಳಕಿತ್ತು. ಹಿರಿಯರು ಮಂಡಿಯೂರಿ ತಮ್ಮ ದೀಪ ಹಚ್ಚಿ, ಸೌತೆಕಾಯಿ ಬದನೆಕಾಯಿಗಳನ್ನು ಹಲಗೆಯ ಮೇಲಿಟ್ಟು, ನೀರಿಗೆ ಬಿಟ್ಟರು. ಅದು ಒಮ್ಮೆ ತಿರುಗಿ ದಾರಿ ಹಿಡಿಯಿತು. ಅವರು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅದನ್ನು ಅನುವಾದಿಸೆಂದು ಯಾರೂ ಕೇಳಲಿಲ್ಲ.

ಅವ್ವ ತನ್ನ ದೀಪ ಹಚ್ಚಿದಳು. ಅದರ ಹಲಗೆಯ ಮೇಲೆ ನಮ್ಮ ಕುದುರೆ, ನಮ್ಮ ದುಂಡು ಆಕಳು. ಎರಡು ಕೈಯಲ್ಲಿ ಎತ್ತಿ ಬಾಗಿದಳು. ಹಲಗೆಯ ಅಂಚು ನೀರಿಗೆ ಒಂದು ಗೇಣು. ಇನ್ನೇನು ಗೆದ್ದೆ ಎಂದುಕೊಂಡೆ. ಅದೇ ಹೊತ್ತಿಗೆ, ಬೇಡ ಅನ್ನು, ಈಗಲೇ ಅನ್ನು ಎಂದೂ ಅನ್ನಿಸಿತು. ಐದು ನಿಮಿಷ ಕೊಟ್ಟರೆ ಏನನ್ನಾದರೂ ಮಾತಾಡಬಲ್ಲವನು ಒಂದು ಪದ ಆಡಲಾರದೆ ನಿಂತೆ.

“ಅತ್ತೀ, ಬಿಡಬ್ಯಾಡ್ರಿ.”

ವೈನಿ ಅವ್ವನ ರಟ್ಟೆ ಹಿಡಿದಿದ್ದಳು. “ಇದು ಸತ್ತವರನ್ನ ಕಳಸೂ ದೀಪ. ದೂರ ಇದ್ದವರಿಗಲ್ಲ. ತಮ್ಮ ನಿಮಗ ಸುಳ್ಳ ಹೇಳ್ಯಾನ. ನಿಮ್ಮ ಕೈಲೆ ಬಿಡಿಸಿ, ಸೋಮವಾರ ಕೋರ್ಟಿನ್ಯಾಗ ಹೇಳಸಬೇಕಂತ.”

ಅವ್ವ ನೆಟ್ಟಗಾದಳು. ದೀಪ ಕೈಯಲ್ಲೇ ಇತ್ತು. ಅದರ ಬೆಳಕು ಅವಳ ಗಲ್ಲದ ಕೆಳಗಿನಿಂದ ಬೀಳುತ್ತಿತ್ತು. ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

“ಕುದರಿ ಬರಾಕ, ಆಕಳ ಹೋಗಾಕ. ಅಂದ್ಯಲ್ಲ?”

“ಹೂಂ.”

“ಬಂದಾವರ ಯಾಕ ಹೋಗ್ತಾರ ಅಂತ ನನಗ ಮೂರ ದಿನದಿಂದ ತಿಳೀವಲ್ದಾಗಿತ್ತು,” ಎಂದಳು. “ಈಗ ತಿಳೀತು.”

“ಅವ್ವ, ನಾ...”

“ನೀ ಸುಮ್ಮ ಇರು. ಎಂಟ ವರ್ಷ ನಿಂದ ಕೇಳೀನಿ, ಇವತ್ತ ನಂದ ಕೇಳು. ಅವ ನೀರಾಗ ಹೋಗ್ಯಾನ ಅಂತ ನಾ ಒಪ್ಪಿದ್ರ, ಅವನ ಜೋಡಿ ತೆಪ್ಪದಾಗ ಯಾರ್ ಇರಬೇಕಿತ್ತು ಅಂತ ಕೇಳಬೇಕಾಗ್ತದ. ನಾ ಕೇಳಂಗಿಲ್ಲ. ಒಬ್ಬಾಂವ ಹ್ವಾದ. ಇನ್ನೊಬ್ಬನ್ನ ನಾ ಕಳಕೊಳ್ಳಂಗಿಲ್ಲ.”

ಎಂಟು ವರ್ಷ ನಾನು ಯಾರ ವಿರುದ್ಧ ವಾದಿಸುತ್ತಿದ್ದೆ, ಅವ್ವ ಯಾರ ಪರವಾಗಿ ನಿಂತಿದ್ದಳು ಎಂದು ಅಲ್ಲಿ ನಿಂತಾಗ ಗೊತ್ತಾಯಿತು. ಅದನ್ನು ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಅವ್ವನೇ ಮತ್ತೆ ಕೇಳಿದಳು: “ಸೋಮವಾರ ಜಡ್ಜಸಾಹೇಬ್ರು ನನಗ ಏನ ಕೇಳ್ತಾರ?”

“ಏಳ ವರ್ಷದಾಗ ಅವನ ಸುದ್ದಿ ಏನಾರ ಬಂದದೇನು ಅಂತ.”

“ಅಷ್ಟ?”

“ಅಷ್ಟ.”

“ಸತ್ತಾನೇನು ಅಂತ ಕೇಳಂಗಿಲ್ಲೇನು?”

ನಾನು ನಿಜ ಹೇಳಬೇಕಾಯಿತು. ಕೇಳುವುದಿಲ್ಲ. ಸುದ್ದಿ ಬಂದಿಲ್ಲ ಎಂಬಷ್ಟೇ ಕಾನೂನಿಗೆ ಬೇಕು. ಅರ್ಜಿ ಬರೆದ ನನಗೆ ಅದು ಮೊದಲಿನಿಂದ ಗೊತ್ತಿತ್ತು. ಸತ್ತಿದ್ದಾನೆ ಎಂಬ ಮಾತು ಅವಳ ಬಾಯಿಂದ ಬೇಕಾಗಿದ್ದದ್ದು ಕೋರ್ಟಿಗಲ್ಲ, ನನಗೆ.

“ಸುದ್ದಿ ಬಂದಿಲ್ಲ,” ಎಂದಳು ಅವ್ವ. “ಸೊಲ್ಲಾಪುರದಾಗ ಕಂಡೀವಿ ಅಂದಾವರು ಅವನ್ನ ಮಾತಾಡಿಸಿಲ್ಲ. ಅದ ಸುದ್ದಿ ಅಲ್ಲ. ಅದನ್ನ ಹೇಳಾಕ ನನಗೇನ ಧಾಡಿ? ನೀ ಎರಡೂ ಕೂಡಿಸಿ ಒಂದ ಗಂಟ ಹಾಕಿ ಕುಂತಿದ್ದಿ. ಅವ ಸತ್ತರನ ಈಕಿ ಹೋಗಬೇಕೇನು? ಅವ ಎಲ್ಲೇರ ಇರ್ಲಿ. ಈಕಿ ಯಾಕ ಕಾಯಬೇಕು?”

ದೀಪದ ಹಲಗೆಯಿಂದ ಬದನೆಕಾಯಿ ಆಕಳನ್ನು ತೆಗೆದು ವೈನಿಯ ಕೈಯಲ್ಲಿಟ್ಟಳು. ಒಂದು ಕಾಲು ಆಗಲೇ ವಾಲಿತ್ತು. ಹೆಬ್ಬೆರಳಿನಿಂದ ಒತ್ತಿ ನೆಟ್ಟಗೆ ಮಾಡಿದಳು.

“ಇದು ಅವಂದಲ್ಲ. ಹೋಗಾಕಿ ನೀನು. ಸಾವಕಾಶ ಹೋಗು.”

ವೈನಿ ಅಳಲಿಲ್ಲ. ಬದನೆಕಾಯಿಯನ್ನು ಎದೆಗೆ ಅವುಚಿಕೊಂಡು, ಅತ್ತೆಯ ಕಾಲು ಮುಟ್ಟಲು ಬಾಗಿದಳು. “ಏ, ಕಾಲ ಮುರಿತಾವ ಆಕಳದು, ಏಳು,” ಎಂದು ಅವ್ವ ಗದರಿದಳು.

ಹಿರಿಯರು ಇಷ್ಟು ಹೊತ್ತೂ ಒಬ್ಬೊಬ್ಬರ ಮುಖ ನೋಡುತ್ತಾ ನಿಂತಿದ್ದರು. “ಅಮ್ಮ ಏನು ಹೇಳಿದರು?” ಎಂದು ಕೇಳಿದರು. ಈ ಸಲ ಒಂದು ಮಾತೂ ಬಿಡದೆ ಅನುವಾದಿಸಿದೆ, ನನ್ನ ಸುಳ್ಳನ್ನೂ ಸೇರಿಸಿ. ಅವರ ಮುಖ ಗಟ್ಟಿಯಾಯಿತು.

“ನನ್ನ ಹೆಂಡತಿಯ ಮೊದಲ ಹಬ್ಬ,” ಎಂದರು ನಿಧಾನವಾಗಿ, “ನಿನ್ನ ವಾದಕ್ಕೆ ಬೇಕಾಯಿತು.”

ಅವ್ವನಿಗೂ ವೈನಿಗೂ ಬಾಗಿ ವಂದಿಸಿದರು. ನನಗೆ ವಂದಿಸಲಿಲ್ಲ. ಮುಂದೆ ಮೂರು ವಾರ ಹೊಲದಲ್ಲಿ ಮಣ್ಣಿನ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಆದರೆ ಭಾನುವಾರದ ಊಟಕ್ಕೆ ಬರುವುದನ್ನು ಬಿಡಲಿಲ್ಲ, ಅವ್ವ ಕರೆದಿದ್ದಳು.

ಅಣ್ಣನ ಹೆಸರಿನ ದೀಪವನ್ನು ಅವ್ವ ನೀರಿಗೆ ಬಿಡಲಿಲ್ಲ. ಸೆರಗು ಅಡ್ಡ ಹಿಡಿದು ಆರದಂತೆ ಮನೆಗೆ ತಂದು ಬಾಗಿಲ ಮೊಳೆಗೆ ತೂಗುಹಾಕಿದಳು. ಸೌತೆಕಾಯಿ ಕುದುರೆ ಹೊಸ್ತಿಲಲ್ಲಿ ಒಳಕ್ಕೆ ಮುಖ ಮಾಡಿ ನಿಂತಿತು. ಮೂರನೆಯ ದಿನ ಅದನ್ನು ಎದುರುಮನೆಯ ಮೇಕೆ ತಿಂದಿತು. ಅವ್ವ ಆ ಮೇಕೆಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಸೋಮವಾರ ಕಟಕಟೆಯಲ್ಲಿ ನಿಂತ ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ನಾನು ಹಿಂದಿನ ಬೆಂಚಿನಲ್ಲಿ, ವೈನಿಯ ಪಕ್ಕದಲ್ಲಿ ಕೂತಿದ್ದೆ. ವೈನಿಯ ಬಳೆಗಳು ಸದ್ದಾಗದಂತೆ ಅವಳು ಎರಡು ಮುಂಗೈಗಳನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದಳು.

“ನಿಮ್ಮ ಮಗನ ಬಗ್ಗೆ ಈ ಎಂಟು ವರ್ಷದಲ್ಲಿ ಏನಾದರೂ ಸುದ್ದಿ ಬಂದಿದೆಯೇನಮ್ಮ?” ಎಂದು ನ್ಯಾಯಾಧೀಶರು ಕೇಳಿದರು.

ಅವ್ವ ಕಟಕಟೆಯ ಅಂಚನ್ನು ಕೈಯಿಂದ ಒಮ್ಮೆ ಸವರಿದಳು. ವಕೀಲರು ತಿರುಗಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

“ಇಲ್ರಿ,” ಎಂದಳು. “ಬಂದಿಲ್ಲ.”

ಬೆರಳಚ್ಚುಗಾರರು ಟೈಪ್ ಮಾಡಿಕೊಂಡರು. ಇಳಿಯಬಹುದು ಎಂದರು ನ್ಯಾಯಾಧೀಶರು. ಅವ್ವ ಒಂದು ಮೆಟ್ಟಿಲು ಇಳಿದು, ಏನೋ ನೆನಪಾದಂತೆ ತಿರುಗಿ ನಿಂತಳು.

“ಮುಂದ ಬಂದ್ರ,” ಎಂದಳು, “ನಾನ ಬಂದು ಹೇಳ್ತೀನ್ರಿ.”